ಭಾವಮೈದುನನ ಮನೆಯ ಶೋರ್ವಾ

ಗಜನಿಯ ಪೇಟೆಯಲ್ಲಿ ಕಟುಕ ಪಾಯಂದನ ಕತ್ತಿಗೆ ದಯೆ ದಾಕ್ಷಿಣ್ಯ ಇಲ್ಲವೆಂದು ಹೆಸರು. ಅಂಥ ವೀರಾಧಿವೀರ ತನ್ನ ಮನೆಯ ಕುರಿಯೊಂದರ ಮುಂದೆ ಮಾತ್ರ ಬೆಣ್ಣೆಯಂತೆ ಕರಗಿಹೋದ.

ಚಳಿಗಾಲದ ಲಾಂದಿಗೆಂದು, ಅಂದರೆ ಉಪ್ಪು ಹಚ್ಚಿ ಒಣಗಿಸಿಡುವ ಮಾಂಸಕ್ಕೆಂದು, ಬೇಸಿಗೆಯಲ್ಲೇ ಕುರಿಯೊಂದನ್ನು ತಂದು ಕೈಯಾರೆ ತಿನ್ನಿಸಿ ಕೊಬ್ಬಿಸಬೇಕು. ಪಾಯಂದ ತಿನ್ನಿಸಿದ. ಕಲ್ಲಂಗಡಿ ಸಿಪ್ಪೆ, ಬಾರ್ಲಿ, ಕದ್ದುಮುಚ್ಚಿ ಒಣದ್ರಾಕ್ಷಿ. (ಹೆಂಡತಿ ಝರ್ಮೀನಾಳ ಬಾಯಿಗೆ ಮದುವೆಯಾದಂದಿನಿಂದ ಒಂದು ದ್ರಾಕ್ಷಿಯನ್ನೂ ಇಟ್ಟವನಲ್ಲ.) ಮಖ್ಮಲ್ ಎಂದು ಹೆಸರನ್ನೂ ಇಟ್ಟ. ಅಲ್ಲಿಗೆ ಮುಗಿಯಿತು. ಹೆಸರಿಟ್ಟು ಕರೆದ ಮೇಲೆ ಅದರ ಕುತ್ತಿಗೆಗೆ ಕತ್ತಿ ಹಿಡಿಯುವುದು ಹೇಗೆ?

ಹಿಮ ಬೀಳುವ ಮುಂಚೆ ಅವನು ಝರ್ಮೀನಾಳ ತಮ್ಮ ತೊರ್ಯಾಲೈಯ ಮನೆಗೆ ಹೋಗಿ ಕುರಿಗೆ ಕುರಿ ಅದಲುಬದಲು ಮಾಡಿಕೊಂಡು ಬಂದ. ಕಾರಣ ಕೇಳಿದ್ದಕ್ಕೆ ಕಟುಕರ ಕಸುಬಿನ ಗುಟ್ಟು ಎಂದ. ತೊರ್ಯಾಲೈಯ ಕುರಿಗೆ ಹೆಸರಿರಲಿಲ್ಲ. ಅದು ಯಾವ ತಕರಾರೂ ಇಲ್ಲದೆ ಲಾಂದಿಯಾಗಿ ಪಾಯಂದನ ಮನೆಯ ತೊಲೆಗೆ ತೂಗಿತು.

ಕಷ್ಟ ಬಂದದ್ದು ಕಡುಚಳಿಯಲ್ಲಿ. ತೊರ್ಯಾಲೈ ಅಕ್ಕ ಭಾವನನ್ನು ಶೋರ್ವಾ, ಅಂದರೆ ಲಾಂದಿಯ ಸಾರು, ಉಣ್ಣಲು ಕರೆದ. ಪಾಯಂದ ಹೊಟ್ಟೆನೋವು ಎಂದ, ಹಿಮ ಎಂದ, ಕೊನೆಗೆ ಹಲ್ಲುನೋವು ಎಂದ. ಝರ್ಮೀನಾ ಅವನ ಶಾಲು ತಂದು ಅವನ ಹೆಗಲಿಗೆ ಎಸೆದಳು.

ತೊರ್ಯಾಲೈಯ ಹೆಂಡತಿ ಬಖ್ತವರ ದೊಡ್ಡ ಬಟ್ಟಲನ್ನೇ ತಂದಿಟ್ಟಳು. ಕೆಂಪು ಲೋಬಿಯಾ ಕಾಳು, ಮೇಲೆ ತೇಲುವ ಕೊಬ್ಬು, ಮೆತ್ತಗೆ ಬೆಂದ ಲಾಂದಿ. ಎಲ್ಲರೂ ರೊಟ್ಟಿ ಮುರಿದು ನೆನೆಸಿದರು. ಪಾಯಂದ ಮಾತ್ರ ಕಲ್ಲು ಆರಿಸುವವನ ಹಾಗೆ ಒಂದೊಂದೇ ಕಾಳನ್ನು ಹೆಕ್ಕತೊಡಗಿದ.

"ಅಣ್ಣಾ, ಮಾಂಸ ಬೆಂದಿಲ್ವಾ?" ಬಖ್ತವರಳ ಮುಖ ಸಣ್ಣದಾಯಿತು.

"ಕಾಳೇ ಸಾಕಮ್ಮ. ಕಾಳಿಗೇ ರುಚಿ ಜಾಸ್ತಿ," ಎನ್ನುವಾಗ ಅವನ ಕಣ್ಣಿಂದ ಒಂದು ಹನಿ ಬಟ್ಟಲಿಗೇ ಬಿತ್ತು.

ಝರ್ಮೀನಾ ರೊಟ್ಟಿ ಕೆಳಗಿಟ್ಟಳು. "ಸುಮ್ನೆ ಉಣ್ಣಿ. ಅದು ನಿಮ್ಮ ಮಖ್ಮಲ್ ಅಲ್ಲ, ನಮ್ಮನೆ ಲಾಂದೀನೇ. ಅರ್ಧ ನಾನೇ ಕಳಿಸಿದ್ದು. ಹಿಮ ಬೀಳೋವರೆಗೂ ದಿನಾ ಸಂಜೆ ಇವರ ಗೋಡೆ ಮೇಲಿಂದ ನೀವು ಇಣುಕ್ತಾ ಇದ್ರೆ ನನ್ನ ತಮ್ಮ ಕತ್ತಿ ಎತ್ತೋದಾದ್ರೂ ಹೇಗೆ? ಮಖ್ಮಲ್‌ನ ಹಿಂದಿನ ಕೊಟ್ಟಿಗೇಲಿ ಬಚ್ಚಿಟ್ಟಿದ್ದಾನೆ."

ಪಾಯಂದ ಚಪ್ಪಲಿ ಮೆಟ್ಟುವುದನ್ನೂ ಮರೆತು ಹಿಮದಲ್ಲೇ ಓಡಿದ. ತೊರ್ಯಾಲೈ ಲಾಟೀನು ಹಿಡಿದು ಹಿಂದೆಯೇ ಹೋದ. ಮಖ್ಮಲ್ ಗುಂಡಗೆ, ಗುಂಡುಕಲ್ಲಿನಂತಿತ್ತು. "ಮಗಾ!" ಎಂದು ಪಾಯಂದ ತೋಳು ಚಾಚಿದ. ಮಖ್ಮಲ್ ಅವನ ಕೈ ಮೂಸಿತು, ಪೇಟೆಯ ವಾಸನೆಗೋ ಶೋರ್ವಾದ ವಾಸನೆಗೋ ಮೂಗು ಕೊಡವಿತು, ತನ್ನ ಭಾರೀ ಬಾಲವನ್ನು ಅವನತ್ತ ತಿರುಗಿಸಿ ತೊರ್ಯಾಲೈಯ ಕಂಕುಳಲ್ಲಿ ತಲೆ ತೂರಿಸಿತು.

ಪಾಯಂದ ಒಳಗೆ ಬಂದು ಒದ್ದೆ ಕಾಲನ್ನು ಕಂಬಳಿಯೊಳಗೆ ತುರುಕಿದ. ಆಮೇಲೆ ಬಟ್ಟಲು ಮುಂದೆ ಚಾಚಿದ.

"ತಂಗೀ, ದೊಡ್ಡ ದೊಡ್ಡ ತುಂಡೇ ನೋಡಿ ಹಾಕಮ್ಮ."

ಬಖ್ತವರ ನಾಚಿ ಅತ್ತಿಗೆಯ ಮುಖ ನೋಡಿದಳು. ಝರ್ಮೀನಾ ಬೆರಳು ಚೀಪುತ್ತಾ ಹೇಳಿದಳು:

"ಕಾಳಿಗೇ ರುಚಿ ಜಾಸ್ತಿ ಅಂದ್ರಲ್ಲ, ಮಾಂಸ ನಾವೇ ಮುಗಿಸಿದ್ವಿ."