ಮಾವ ಕರೆದ ಸಭೆ

ಮೀಟಿಂಗ್ ಕರೆಯದೆ ಒಂದು ಲೋಟ ಕಾಫಿಯನ್ನೂ ಕುಡಿಯಲಾರದ ಮನುಷ್ಯ ಶಿವಮೊಗ್ಗದಲ್ಲಿ ಯಾರಾದರೂ ಇದ್ದರೆ ಅದು ನಮ್ಮ ಸೋದರಮಾವ!

ಸರ್ಕಾರಿ ಕಚೇರಿಯಲ್ಲಿ ಅವರಿಗಿದ್ದದ್ದು ಒಂದೇ ಕೆಲಸ: ಒಂದು ಇಲಾಖೆಯನ್ನು ಇನ್ನೊಂದರ ಜೊತೆ ಮಾತಾಡಿಸುವುದು. ರಸ್ತೆಗೆ ಡಾಂಬರು ಹಾಕಿದ ಮರುವಾರವೇ ನೀರಿನವರು ಬಂದು ಅಗೆಯುತ್ತಾರಲ್ಲ, ಅದನ್ನು ತಪ್ಪಿಸುವ ಸಮನ್ವಯ ಸಭೆಗಳ ಏರ್ಪಾಡೆಲ್ಲ ಮಾವನದು. ಅಗೆಯುವುದೇನೂ ನಿಲ್ಲಲಿಲ್ಲ ಅನ್ನಿ! ರಿಟೈರಾದ ಮೇಲೆ ಸಭೆ ಸವಳಂಗ ರಸ್ತೆಯ ಮನೆಗೇ ಬಂತು. ಅತ್ತೆ ಎರಡೆರಡು ಸಲ ಬಾಗಿಲು ತೆಗೆಯುವುದು ತಪ್ಪಲಿ ಎಂದು ಮಾವ ಹಾಲಿನವನನ್ನೂ ಪೇಪರಿನವನನ್ನೂ ಕೂರಿಸಿ, ಇಬ್ಬರೂ ಒಟ್ಟಿಗೆ ಬರಬೇಕೆಂದು ತೀರ್ಮಾನ ಮಾಡಿಸಿದರು. ಅಂದಿನಿಂದ ಇಬ್ಬರೂ ಒಟ್ಟಿಗೇ ತಡವಾಗಿ ಬರತೊಡಗಿದರು.

ಆಮೇಲೆ ಡಾಕ್ಟರು ಆಲ್‌ಝೈಮರ್ ಎಂದರು. ಒಂದೊಂದೇ ಹೆಸರು ಮರೆತುಹೋಯಿತು, ಮೀಟಿಂಗ್ ಮಾತ್ರ ಮರೆಯಲಿಲ್ಲ. ಇಸ್ತ್ರಿ ಅಂಗಿ ತೊಟ್ಟು, ಭದ್ರಾವತಿಯಲ್ಲಿ ಮೀಟಿಂಗಿದೆ ಎಂದು ಬಸ್ಸು ಹತ್ತಿಬಿಡುವರು. ಒಮ್ಮೆ ಮಾಚೇನಹಳ್ಳಿಯಲ್ಲಿ ಇಳಿದು, ಒಂದು ವರ್ಕ್‌ಶಾಪಿಗೆ ನುಗ್ಗಿ, ವೆಲ್ಡಿಂಗ್ ಮಾಡುತ್ತಿದ್ದವರನ್ನೆಲ್ಲ ಸಾಲಾಗಿ ಕೂರಿಸಿ ಕೆಲಸದ ಪ್ರಗತಿ ವಿಚಾರಿಸಿದರಂತೆ. ಯಾವುದೋ ಇನ್‌ಸ್ಪೆಕ್ಷನ್ ಎಂದು ಹೆದರಿದ ಮಾಲೀಕ ಎಳನೀರು ತರಿಸಿದ್ದ! ಅತ್ತೆ ಮಾವನ ಜೇಬಿನಲ್ಲಿ ಬರೆದಿಟ್ಟಿದ್ದ ಫೋನ್ ನಂಬರ್ ನೋಡಿದ ಮೇಲೇ ಅವನಿಗೆ ವಿಷಯ ತಿಳಿದದ್ದು.

ಎಷ್ಟು ದಿನ ನಗುವುದು? ಇನ್ನೊಂದು ಸಲ ಮಲವಗೊಪ್ಪದ ರಸ್ತೆ ಬದಿಯಲ್ಲಿ, ಲಾರಿಗಳ ನಡುವೆ, ಕಾಲಿಗೆ ಚಪ್ಪಲಿಯೂ ಇಲ್ಲದೆ ಸಿಕ್ಕರು. ಗೇಟಿಗೆ ಬೀಗ ಹಾಕಿ ಎಂದು ನೆಂಟರೆಲ್ಲ ಹೇಳಿದರು. ಅತ್ತೆ ಒಪ್ಪಲಿಲ್ಲ.

"ಜೀವಮಾನವೆಲ್ಲ ಓಡಾಡಿದ ಮನುಷ್ಯ ಮಾರಾಯ್ತಿ. ಬೀಗ ಹಾಕಿದ್ರೆ ಬದುಕಲ್ಲ" ಎಂದು ನನ್ನ ಹತ್ತಿರ ಅತ್ತರು.

ಅದೇ ಹೊತ್ತಿಗೆ ವಯಸ್ಸಾದವರ ಮರೆವಿನ ಕಾಯಿಲೆಯ ಬಗ್ಗೆ ಎಲ್ಲ ಇಲಾಖೆಗಳನ್ನೂ ಸೇರಿಸಿ ಸರ್ಕಾರದವರೇ ಒಂದು ಸಮನ್ವಯ ಸಭೆ ಕರೆದರು. ಮನೆಯವರೂ ಬಂದು ಕಷ್ಟ ಹೇಳಿಕೊಳ್ಳಬಹುದಂತೆ. ಮಾವನನ್ನು ಯಾರ ಹತ್ತಿರ ಬಿಟ್ಟು ಹೋಗುವುದು? ಕರೆದುಕೊಂಡೇ ಹೋದೆವು. ಅವರೋ, ನೆಟ್ಟಗೆ ಹೋಗಿ ಅಧ್ಯಕ್ಷರ ಕುರ್ಚಿಯಲ್ಲಿ ಕೂತುಬಿಟ್ಟರು! ಹಿಂದೆ ಅವರ ಕೈಕೆಳಗಿದ್ದವರು ಹಳೆಯ ಅಭ್ಯಾಸಕ್ಕೆ ಎದ್ದು ನಿಂತರು. ನಿಜವಾದ ಅಧ್ಯಕ್ಷರು ಬಂದು, ನೋಡಿ, ಸುಮ್ಮನೆ ಪಕ್ಕದಲ್ಲಿ ಕೂತರು. ಪುಣ್ಯಾತ್ಮರು.

ದಾರಿ ತಪ್ಪಿದವರನ್ನು ಹುಡುಕುವುದು ಪೊಲೀಸರ ಕೆಲಸ ಎಂದರು ಆಸ್ಪತ್ರೆಯವರು. ಕಾಯಿಲೆ ಅಂದಮೇಲೆ ಅದು ಆಸ್ಪತ್ರೆಗೇ ಸೇರಿದ್ದು ಎಂದರು ಪೊಲೀಸರು. ಟಿಕೆಟ್ ಕೊಡುವುದಷ್ಟೇ ನಮ್ಮದು ಎಂದರು ಬಸ್ಸಿನವರು. ಮಾವ ಮೇಜು ತಟ್ಟಿದರು.

"ದಾರಿ ತಪ್ಪಿದ ಮುದುಕ ಯಾರ ಕಣ್ಣಿಗೆ ಬೀಳ್ತಾನೋ ಅವರ ಕೆಲಸ. ಮನೆಗೆ ಮುಟ್ಟಿಸ್ಬೇಕು. ಬರ್ಕೊಳ್ಳಿ."

ಎಲ್ಲರೂ ಬರೆದುಕೊಂಡರು. ಅತ್ತೆ ಕೇಳಬೇಕೆಂದು ಬಂದದ್ದೂ ಅದನ್ನೇ. ಅವರಿನ್ನೂ ಬಾಗಿಲ ಬಳಿ ನಿಂತೇ ಇದ್ದರು.

"ಆ ಮುದುಕನ ಮನೇಲಿ ಯಾರಿದಾರೆ?" ಎಂದು ಕೇಳಿದರು ಮಾವ.

ಅತ್ತೆಯೇ ಹೇಳಿದರು, "ಹೆಂಡ್ತಿ ಇದಾಳೆ."

"ಪಾಪ, ಹುಡುಕಿ ಹುಡುಕಿ ಸುಸ್ತಾಗಿರ್ತಾರೆ. ಅವರನ್ನ ಕರೆಸಿ."

ಹಾಗೆಂದವರು ಅತ್ತೆಯ ಮುಖವನ್ನೇ ನೋಡಿದರು. ಗುರುತು ಸಿಗಲಿಲ್ಲ. ಕುರ್ಚಿಯಿಂದ ಎದ್ದರು.

"ಬನ್ನಿ ಅಮ್ಮ. ಅವರು ಬರೋವರೆಗೆ ನೀವು ಕೂತಿರಿ."

ಅತ್ತೆ ಕೂತರು. ಮಾವ ಅವರ ಪಕ್ಕದಲ್ಲೇ ನಿಂತು, ಬಾಗಿಲು ನೋಡುತ್ತ, ಹೆಂಡತಿಗಾಗಿ ಕಾದರು.