ಹದಿನಾಲ್ಕು ಇಂಚು ಅಗಲವಾಗಲೊಲ್ಲದ ಮೊಬೈಲ್ ಪರದೆಗಳಿಗೆ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಜೇಬು, ಚೀಲ ಹಾಗೂ ಟ್ರ್ಯಾಕ್ಟರ್ ಸೀಟುಗಳಲ್ಲಿ ದಯಮಾಡಿಸಿರುವ ಸಮಸ್ತ ಮೊಬೈಲ್ ಪರದೆಗಳಾದ ಮಾನ್ಯರೇ,

ಮೂಡಲಗಿಯ ಟೇಲರ್ ಬಂದಗಿಸಾಬನ ಸಾವಿರ ಸಲಾಮುಗಳು. ವಿತ್ ಡ್ಯೂ ರಿಸ್ಪೆಕ್ಟ್ ಐ ಬೆಗ್ ಟು ಸ್ಟೇಟ್ ದಟ್... ಇದರ ಮುಂದಿನದು ಗೋಕಾಕದ ಕಾಲೇಜಿನಲ್ಲೇ ಉಳಿದುಹೋಗಿರುವುದರಿಂದ ಕನ್ನಡದಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ನಾಲ್ಕು ವರ್ಷದ ಹಿಂದೆ, ಅಂಗಿ ಹೊಲಿಸುವವರು ಕಡಿಮೆಯಾದಾಗ, ನನ್ನ ಹೆಂಡತಿ ಸುಲ್ತಾನಾಬಿ, "ಕುಂತು ನನ್ನ ತಲಿ ತಿನ್ನೂ ಬದ್ಲಿ ಏನರ ಕಲೀರಿ" ಎಂದು ನನ್ನನ್ನು ಕಂಪ್ಯೂಟರ್ ಕ್ಲಾಸಿಗೆ ಅಟ್ಟಿದಳು. ವೆಬ್‌ಸೈಟಿನ ಪುಟದಲ್ಲಿ ಚಿತ್ರ, ಅಕ್ಷರ ಜೋಡಿಸಲು ಮೊದಲು ಟೇಬಲ್ ಎಂಬ ವಿಧಾನ ಕಲಿತೆ. ಚೌಕ ಚೌಕವಾಗಿ ಅವಳು ಹೊಲಿಯುವ ಕೌದಿಯಂತೆಯೇ ಇತ್ತು, ಕುಣಿದಾಡಿದೆ. ಅದು ಹಳೆಯದಾಯಿತೆಂದರು, ಫ್ಲೋಟ್ ಕಲಿತೆ. ಅದೂ ಹೋಯಿತೆಂದರು, ಗ್ರಿಡ್ ಕಲಿತೆ. ನೋಡಿದರೆ ಮತ್ತೆ ಚೌಕ ಚೌಕವೇ! ಬೆಲ್‌ಬಾಟಮ್ ಹೋಗಿ ತಿರುಗಿ ಬಂದದ್ದನ್ನು ಕಂಡವನು ನಾನು, ಬೇಸರಿಸಲಿಲ್ಲ.

ಈಗ ಅವಳಿಲ್ಲ. ಅವಳ ನಲವತ್ತೊಂದು ಕೌದಿಗಳು ಮಾತ್ರ ಮೇಲವಂಕಿಯಿಂದ ಯಮಕನಮರಡಿಯವರೆಗೆ ಯಾರ್ಯಾರದೋ ಮಕ್ಕಳನ್ನು ಬೆಚ್ಚಗಿಟ್ಟಿವೆ. ಅವುಗಳ ಫೋಟೊಗಳನ್ನೆಲ್ಲ ಒಂದು ಪುಟದಲ್ಲಿ ಕೂಡಿಸಿ, ಬರುವ ಶುಕ್ರವಾರ ಅವಳ ವರ್ಷದ ಫಾತಿಹಾ ಪ್ರಾರ್ಥನೆಗೆ ಬರುವ ನೆಂಟರಿಗೆಲ್ಲ ತೋರಿಸಬೇಕೆಂಬುದೊಂದೇ ನನ್ನ ಆಸೆ. ಕೊರಳಿನ ಟೇಪು ತೆಗೆದು ನನ್ನ ಕಂಪ್ಯೂಟರಿನ ಅಗಲ ಅಳೆದೆ: ಹದಿನಾಲ್ಕು ಇಂಚು. ಪುಟಕ್ಕೂ ಅಷ್ಟೇ ಅಗಲ ಕೊಟ್ಟು, ನೆತ್ತಿಯ ಮೇಲೆ ಅವಳ ಹೆಸರು ಬರೆದೆ. ಮದುಮಗನ ಕೋಟಿನಂತೆ ಕೂತಿತು.

ಆದರೆ ತಾವು, ಮಾನ್ಯರೇ! ಪುಟವನ್ನು ತನ್ನ ಮೊಬೈಲಿನಲ್ಲಿ ತೆರೆದು ನೋಡಿದ ಅವಳ ತಂಗಿ ಜೀನತ ಘೋಡಗೇರಿಯಿಂದ ಫೋನು ಮಾಡಿ, "ದುಲ್ಹಾಭಾಯಿ, ಈ ಸುಲ್ತಾ ಯಾರ್ರಿ? ನಮ್ಮ ಅಕ್ಕನ ಕೌದಿ ಕದ್ದು ತನ್ನ ಹೆಸರ ಹಾಕ್ಕೊಂಡಾಳಲ್ರಿ!" ಎಂದು ಹರಿಹಾಯ್ದಳು. ಅರ್ಧ ಹೆಸರನ್ನೇ ಕತ್ತರಿಸಿದ ತಮ್ಮ ಕೈಚಳಕಕ್ಕೆ, ನಲವತ್ತು ವರ್ಷ ಕತ್ತರಿ ಹಿಡಿದ ನಾನು ತಲೆಬಾಗಿದೆ. ಆದ್ದರಿಂದ ಶುಕ್ರವಾರ ಒಂದು ದಿನದ ಮಟ್ಟಿಗೆ ತಾವೆಲ್ಲರೂ ಹದಿನಾಲ್ಕು ಇಂಚು ಅಗಲವಾಗಬೇಕೆಂದು, ಜೇಬು ಹರಿದರೆ ಹೊಲಿದುಕೊಡುವ ಹೊಣೆ ನನ್ನದೆಂದು ಈ ಪತ್ರ ಬರೆಯಲು ಕೂತೆ.

ಇಷ್ಟು ಬರೆದದ್ದನ್ನು ಕ್ಲಾಸಿನ ಫಿರದೋಸ ಟೀಚರ್ ಓದಿ ನಕ್ಕು ನಕ್ಕು ಸುಸ್ತಾದರು. "ಕಾಕಾ, ಊರ ಮಂದಿಗೆಲ್ಲಾ ನಿಮ್ಮ ಮೈ ಅಳತಿ ಅಂಗಿ ಹೊಲಿತೀರೇನ್ರಿ? ಇಂಚ್ ಬಿಡ್ರಿ, ಪರ್ಸೆಂಟ್ ಹಾಕ್ರಿ, ಪರದೆ ಎಷ್ಟ ಅಗಲ ಐತೋ ಪುಟಾನೂ ಅಷ್ಟ ಆಗ್ತೈತಿ" ಎಂದರು. ನಾಚಿಕೆಯಾಯಿತು. ಸುಲ್ತಾನಾಬಿ ಕೌದಿಗೆ ಕೈ ಹಚ್ಚುವ ಮುಂಚೆ ಕೂಸನ್ನು ನೆಲದ ಮೇಲೆ ಮಲಗಿಸಿ ಗೇಣಿನಿಂದ ಅಳೆಯುತ್ತಿದ್ದಳು. ಬೋರ್ಡಿನ ಮೇಲೆ ಟೇಲರ್ ಎಂದು ಬರೆಸಿಕೊಂಡವನು ಮಾತ್ರ ನಾನು.

ಪರ್ಸೆಂಟ್ ಹಾಕಿದೆ. ಕೌದಿಗಳು ತಮ್ಮ ಅಂಗಳದಲ್ಲಿ ಒಂದರ ಕೆಳಗೊಂದು ಶಿಸ್ತಾಗಿ ಇಳಿದವು. ಜೀನತ ಫೋನಿನಲ್ಲೇ ಅಕ್ಕನ ಪೂರ್ತಿ ಹೆಸರನ್ನು ಮೂರು ಸಲ ಓದಿದಳು, ನಾನೂ ಬೇಡವೆನ್ನಲಿಲ್ಲ. ಹೀಗಾಗಿ ತಾವು ಅಗಲವಾಗುವ ತೊಂದರೆ ತೆಗೆದುಕೊಳ್ಳಬೇಕಾಗಿಲ್ಲ.

ಇನ್ನೂ ಕಲಿಯುತ್ತಲೇ ಇರುವ,
ತಮ್ಮ ವಿಶ್ವಾಸಿ,
ಬಂದಗಿಸಾಬ, ಟೇಲರ್, ಮೂಡಲಗಿ

ತಾ.ಕ.: ಕತ್ತರಿಸುವ ಚಟ ತಡೆಯಲಾಗದಿದ್ದರೆ ಪುಟದ ತಳದಲ್ಲಿರುವ ನನ್ನ ಹೆಸರನ್ನು ಕತ್ತರಿಸಿಕೊಳ್ಳಿ. ಅವಳ ಹೆಸರಿನ ಒಂದಕ್ಷರ ಕಡಿಮೆಯಾದರೂ, ನನ್ನ ಹತ್ತಿರ ಇರುವುದು ದೊಡ್ಡ ಕತ್ತರಿ ಎಂಬುದು ತಮ್ಮ ಗಮನಕ್ಕಿರಲಿ.