ಗಿರ್ಮಿಟ್ಟಿನ ಗಣಿತ

ಸೇವೆಯಿಂದ ನಿವೃತ್ತನಾದ ಕನ್ನಡ ಪಂಡಿತನ ಮನೆಯ ಕದವನ್ನು ಧಾರವಾಡದಲ್ಲಿ ಜನರು ಎರಡೇ ಕಾರಣಕ್ಕೆ ತಟ್ಟುತ್ತಾರೆ: ಲಗ್ನಪತ್ರಿಕೆಯ ಒಕ್ಕಣೆಯನ್ನು ತಿದ್ದಿಸಿಕೊಳ್ಳುವುದಕ್ಕೆ, ಇಲ್ಲವೆ ತಮ್ಮ ಮನೆಯ ಬೀಗದ ಕೈಯನ್ನು ಇಟ್ಟುಹೋಗುವುದಕ್ಕೆ. ಇವೆರಡಕ್ಕೂ ಸೇರದ ಮೂರನೆಯ ಕಾರಣವೊಂದನ್ನು ಹಿಡಿದು ಯಾರಾದರೂ ಬಂದರೆಂದರೆ ಮುಂದೆ ನಗೆಪಾಟಲು ತಪ್ಪಿದ್ದಲ್ಲವೆಂದು ಅನುಭವದಿಂದ ಬಲ್ಲೆ. ಬಲ್ಲೆನಾದರೂ ಕದ ತೆರೆಯುತ್ತೇನೆ.

ಕಳೆದ ವರ್ಷ ಹಾಗೆ ತಟ್ಟಿದವಳು ನಮ್ಮ ಮಾಳಿಗೆಯ ಕೋಣೆಯಲ್ಲಿ ಬಾಡಿಗೆಗಿರುವ ಹುಡುಗಿ. ಕೃಷಿ ಅರ್ಥಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿರುವವಳು, ನನ್ನನ್ನು ಅಜ್ಜಾರ ಎಂದೂ ನನ್ನ ಹೆಂಡತಿಯನ್ನು ಆಯಿ ಎಂದೂ ಕರೆಯುವವಳು. ಅವಳ ಸಂಶೋಧನೆಯ ವಿಷಯ, ಪೊಟ್ಟಣದಲ್ಲಿ ಮಾರುವ ಖಡಕ್ ಜೋಳದ ರೊಟ್ಟಿ. ಒಬ್ಬೊಬ್ಬರ ಮುಂದೆಯೂ ಎಂಟು ಚೀಟಿಗಳನ್ನು ಒಂದಾದ ಮೇಲೊಂದರಂತೆ ಓದುವುದು. ಪ್ರತಿ ಚೀಟಿಯಲ್ಲಿ ಎರಡು ಬಗೆಯ ರೊಟ್ಟಿ, ಅವುಗಳ ಬೆಲೆ, ತೆಳುವು, ಬಾಳಿಕೆ. ಕೊನೆಯಲ್ಲಿ 'ಎರಡೂ ಬೇಡ' ಎಂಬ ಮೂರನೆಯ ದಾರಿ. ಯಾವುದನ್ನು ಕೊಳ್ಳುವಿರೆಂದು ಎಂಟು ಸಲ ಕೇಳಿ, ಉತ್ತರಗಳನ್ನು ಕಂಪ್ಯೂಟರಿಗೆ ಉಣಿಸಿ, ಜನರು ರೊಟ್ಟಿಯಲ್ಲಿ ಮೆಚ್ಚುವುದೇನೆಂದು ಕಂಡುಹಿಡಿಯುವುದು. ಇದಕ್ಕೆ ಲೆಕ್ಕದ ಪದ್ಧತಿಗಳು ಹಲವಿವೆಯಂತೆ. ಯಾವುದನ್ನು ಆರಿಸಿದೆ, ಏಕೆ ಆರಿಸಿದೆ ಎಂಬುದನ್ನು ಅವಳು ವಿಭಾಗದ ಸಮಿತಿಯೆದುರು ಹೇಳಿ ಒಪ್ಪಿಸಬೇಕು. ಒಪ್ಪಿದರೆ ಪ್ರಬಂಧ ಮುಂದೆ ಸಾಗುವುದು. ಒಪ್ಪದಿದ್ದರೆ ಬಡಿದ ರೊಟ್ಟಿ ಮತ್ತೆ ಹಿಟ್ಟಾಗಬೇಕು. ಮನೆಯಲ್ಲಿ ಎಡೆಬಿಡದೆ ಮಾತನಾಡುವ ಈ ಹುಡುಗಿಗೆ ಹಿರಿಯರು ಸಾಲಾಗಿ ಕುಳಿತದ್ದು ಕಂಡರೆ ನಾಲಗೆ ಕಟ್ಟುತ್ತದೆ. ಸಂಕಟವಿದ್ದದ್ದು ಅಲ್ಲಿಯೇ.

೧. ಮೂರನೆಯ ದಾರಿ

"ಅಜ್ಜಾರ, ಇಂಗ್ಲಿಷಿನ್ಯಾಗ ಅದಾವ್ರಿ ಈ ಚೀಟಿ. ನಾಕ ಸಾಲು ಕನ್ನಡಕ್ಕ ಮಾಡಿಕೊಡ್ರಿ," ಎಂದಳು.

ನಾಲ್ಕು ಸಾಲಿಗೆ ನಾಲ್ಕು ದಿನ ತೆಗೆದುಕೊಂಡೆ. ಬೆಲೆಗೆ 'ಮೌಲ್ಯ'ವೆಂದೂ ತೆಳುವಿಗೆ 'ತನುತ್ವ'ವೆಂದೂ ಬಾಳಿಕೆಗೆ 'ಚಿರಸ್ಥಾಯಿತ್ವ'ವೆಂದೂ ಎರಡೂ ಬೇಡವೆಂಬುದಕ್ಕೆ 'ಉಭಯವೂ ಅಗ್ರಾಹ್ಯ'ವೆಂದೂ ಬರೆದು, ಶುದ್ಧಪ್ರತಿ ಮಾಡಿ ಕೈಗಿತ್ತೆ. ಅವಳು ಭಕ್ತಿಯಿಂದ ಕೊನೆಯವರೆಗೂ ಓದಿದಳು.

"ಭಾಳ ಛಲೋ ಆಗೇತ್ರಿ ಅಜ್ಜಾರ. ಇನ್ನ ಇದನ್ನ ಕನ್ನಡಕ್ಕ ಯಾರ ಮಾಡಿಕೊಡ್ತಾರ್ರಿ?"

ಒಳಗೆ ಅಡುಗೆಮನೆಯಲ್ಲಿ ಸೌಟು ಕೆಳಗೆ ಬಿತ್ತು. ನನ್ನ ಹೆಂಡತಿ ನಗುವಾಗ ಕೈಯಲ್ಲಿ ಹಿಡಿದುದನ್ನು ಬಿಡುವುದು ರೂಢಿ. ಮೌಲ್ಯ, ತನುತ್ವ, ಚಿರಸ್ಥಾಯಿತ್ವ ಮೂರನ್ನೂ ನಾನು ಉದಾರಬುದ್ಧಿಯಿಂದ ಬಿಟ್ಟುಕೊಟ್ಟೆ. ಅಗ್ರಾಹ್ಯವನ್ನು ಮಾತ್ರ ಬಿಡಲಿಲ್ಲ. 'ಬೇಡ' ಎಂಬಲ್ಲಿ ಮುಖಕ್ಕೆ ಬಾಗಿಲು ಹಾಕಿದ ಒರಟುತನವಿದೆ. ನಿರಾಕರಣೆಗೂ ಒಂದು ಮರ್ಯಾದೆಯಿರಬೇಕೆಂದು ವಾದಿಸಿದೆ. ಹುಡುಗಿ ದಾಕ್ಷಿಣ್ಯಕ್ಕೆ ಒಪ್ಪಿದಳು. ಹೆಂಡತಿ ಹೊರಗೆ ಬಂದು ಕೇಳಿದಳು:

"ಲಗ್ನಾದಾಗಿಂದ ನಾ ನಿಮಗ ಒಮ್ಮೆರ ಅಗ್ರಾಹ್ಯ ಅಂದೇನೇನ್ರಿ? ಬ್ಯಾಡ ಅಂದ್ರ ಬ್ಯಾಡ. ನಿಮಗ ತಿಳದಿಲ್ಲೇನು?"

ತಿಳಿದಿತ್ತು. ಪ್ರತಿ ಸಲವೂ ತಿಳಿದಿತ್ತು.

೨. ಅಗ್ರಸ್ಥಾನ

ಚೀಟಿಗಳನ್ನು ಮೊದಲು ಹತ್ತಿರದ ಹಳ್ಳಿ ಅಮ್ಮಿನಬಾವಿಯಲ್ಲಿ ಪರೀಕ್ಷಿಸುವುದೆಂದಾಯಿತು. ನನ್ನ ಗದ್ಯವು ಜನಮನವನ್ನು ಹೇಗೆ ಮುಟ್ಟುವುದೆಂದು ನೋಡುವ ಆಸೆಯಿಂದ ನಾನೂ ಬಸ್ಸು ಹತ್ತಿದೆ.

ಮೊದಲ ಮನೆಯ ಕಟ್ಟೆಯ ಮೇಲೆ ಮುದುಕಿಯೊಬ್ಬಳು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಹುಡುಗಿ ಚೀಟಿ ಓದಿದಳು. ಮುದುಕಿ ಮೊರದಿಂದ ಕಣ್ಣೆತ್ತದೆ, "ಮೂರನೇದು," ಎಂದಳು. ಎರಡನೆಯ ಚೀಟಿಗೂ ಮೂರನೇದು. ಎಂಟಕ್ಕೆಂಟೂ ಮೂರನೇದು. ಪಕ್ಕದ ಮನೆಯಲ್ಲಿಯೂ ಹಾಗೆಯೇ, ಅದರಾಚೆಯ ಮನೆಯಲ್ಲಿಯೂ ಹಾಗೆಯೇ. ಮಧ್ಯಾಹ್ನದ ಹೊತ್ತಿಗೆ ಹುಡುಗಿಯ ಮುಖ ಬಾಡಿತು. ಯಾರಿಗೂ ಬೇಡವಾದ ರೊಟ್ಟಿಯ ಮೇಲೆ ಪ್ರಬಂಧವನ್ನು ಬರೆಯುವುದೆಂತು? ಮರಳಿ ಮೊದಲ ಮನೆಗೆ ಬಂದು ಕೇಳಿದಳು:

"ಅಜ್ಜಿ, ನಿಮಗ ರೊಟ್ಟಿನ ಬ್ಯಾಡೇನ್ರಿ?"

"ಯಾಕ ಬ್ಯಾಡ? ಬೇಕಂತನ ಮೂರನೇದು ಕೊಡು ಅನ್ನಾಕತ್ತೇನಿ. ಆ ಅಗ್ರಾ ರೊಟ್ಟಿ."

"ಅಗ್ರಾ ರೊಟ್ಟಿ?"

"ಹೂಂ ಯವ್ವಾ. ಅಗ್ರ ಅಂದ್ರ ಎಲ್ಲಾಕಿಂತ ಮೊದಲನೇದು ಅಲ್ಲನು? ಪುರಾಣದಾಗ ಅಗ್ರಪೂಜಿ ಅಂತ ಕೇಳೇನಿ ನಾನು, ದಡ್ಡಿ ಅಂತ ತಿಳೀಬ್ಯಾಡ. ಮ್ಯಾಲ ಆ ಎರಡಕ್ಕೂ ಬೆಲಿ ಓದಿದಿ, ಇದಕ್ಕ ಓದಲಿಲ್ಲ. ಪುಕಟ ಕೊಡೂದು ಬಿಟ್ಟು ರೊಕ್ಕಾ ಕೊಟ್ಟು ತಗೊಳ್ಳಾಕ ನನಗೇನು ಹುಚ್ಚ ಹಿಡದೈತೇನು?"

ಮರಳುವಾಗ ಬಸ್ಸಿನಲ್ಲಿ ನಾನು ಕಿಟಕಿಯ ಹೊರಗೆ ಬಹಳ ಆಸಕ್ತಿಯಿಂದ ನೋಡುತ್ತ ಕುಳಿತೆ. ಕೊನೆಗೆ ಹುಡುಗಿಯೇ ಸಮಾಧಾನ ಹೇಳಿದಳು:

"ಬೇಜಾರ ಮಾಡ್ಕೋಬ್ಯಾಡ್ರಿ ಅಜ್ಜಾರ. ಇಡೀ ತಾಲೂಕಿನ್ಯಾಗ ಎಲ್ಲಾಕಿಂತ ಹೆಚ್ಚು ಬೇಡಿಕಿ ಇರೂ ರೊಟ್ಟಿ ನೀವ ಮಾಡಿದ್ದು."

೩. ರೊಟ್ಟಿಗೂ ನ್ಯಾಯ

'ಎರಡೂ ಬ್ಯಾಡ' ಎಂದು ಹೊಸದಾಗಿ ಅಚ್ಚು ಹಾಕಿಸಿಕೊಂಡು ಮತ್ತೆ ಹೋದೆವು. ಅದೇ ಕಟ್ಟೆ, ಅದೇ ಮುದುಕಿ, ಅದೇ ಮೊರ. ಈ ಸಲ ಆಕೆ ಪ್ರತಿ ಚೀಟಿಯನ್ನೂ ನ್ಯಾಯಾಧೀಶರಂತೆ ಆಲಿಸಿ, ನಾಲ್ಕು ಸಲ ತೆಳು ರೊಟ್ಟಿಯನ್ನೇ ಆರಿಸಿದಳು. ಐದನೆಯ ಚೀಟಿಗೆ ಮಾತ್ರ ದಪ್ಪನೆಯದನ್ನು, ಅದೂ ಬೆಲೆ ಹೆಚ್ಚಿನದನ್ನು, ಹೇಳಿದಳು.

"ಯಾಕ್ರಿ ಅಜ್ಜಿ, ಇದು ದಪ್ಪೈತಿ, ತುಟ್ಟಿನೂ ಐತಿ?"

"ಇರಲಿ ಬರಕೋ. ನಾಕ ಸಲ ಅದಕ್ಕನ ಅಂದೇನಿ. ಇದೂ ಜ್ವಾಳದ್ದ ಅಲ್ಲನು? ಪಾಪ, ಅದಕ್ಕ ಹ್ಯಾಂಗ ಅನಸಬೇಕು?"

ಒಬ್ಬರ ಎಂಟು ಉತ್ತರಗಳು ಒಂದರ ಕೈಯನ್ನೊಂದು ಹಿಡಿದೇ ನಡೆಯುತ್ತವೆಂಬ ಶಾಸ್ತ್ರರಹಸ್ಯವನ್ನು ಆ ಮೊರದ ಮುಂದೆ ನಾವು ಮೊದಲು ಕಂಡೆವು. ಕಂಡರೂ ಆಗ ತಿಳಿಯಲಿಲ್ಲ. ಎಂಟೂ ಮುಗಿದ ಮೇಲೆ ಮುದುಕಿ ಮೊರವನ್ನು ಕೆಳಗಿಟ್ಟು ಕೇಳಿದಳು:

"ಎಂಟ ಸಲ ನಾ ಹೇಳಿದೆ. ಈಗ ನೀ ಹೇಳು. ನನ್ನ ಕೈಯಾಗ ಬಡದ ರೊಟ್ಟಿ ಬೇಕೋ, ನಿನ್ನ ಪಾಕೀಟಿಂದು ಬೇಕೋ, ಎರಡೂ ಬ್ಯಾಡೋ?"

ಹುಡುಗಿ ಎಣ್ಣೆಗಾಯಿ ಹಚ್ಚಿಕೊಂಡು ಮೂರು ರೊಟ್ಟಿ ತಿಂದಳು. ಇಡೀ ಸಂಶೋಧನೆಯಲ್ಲಿ ಆ ಒಂದು ಉತ್ತರದ ವಿಶ್ಲೇಷಣೆಗೆ ಯಾವ ಪದ್ಧತಿಯೂ ಬೇಕಾಗಲಿಲ್ಲ.

೪. ಎಂಟು ಮುದುಕಿಯರು

ಕೆಲವು ತಿಂಗಳುಗಳಲ್ಲಿ ಊರೂರ ಉತ್ತರಗಳೆಲ್ಲ ಕಂಪ್ಯೂಟರಿಗೆ ಸೇರಿದವು. ಹುಡುಗಿ ಎಲ್ಲಕ್ಕಿಂತ ಸುಲಭವಾದ ಪದ್ಧತಿಯನ್ನು ಹಚ್ಚಿದಳು; ಕಣ್ಣು ಪಿಳುಕಿಸುವಷ್ಟರಲ್ಲಿ ಫಲ ಬಂತು. ಸಮಿತಿಯವರು, "ಇದೇ ಪದ್ಧತಿ ಏಕೆ?" ಎಂದರು. ಹುಡುಗಿ ಮೇಜಿನ ಮೇಲಿನ ನೀರಿನ ಲೋಟವನ್ನು ನೋಡುತ್ತ ನಿಂತಳು. ಅವಳ ಮಾರ್ಗದರ್ಶಕರು ಒಳ್ಳೆಯ ಮನುಷ್ಯರು, ಹದಿನೈದು ದಿನಗಳ ಅವಕಾಶ ಕೊಡಿಸಿ, ಹೊರಗೆ ಬಂದು ಹೇಳಿದರಂತೆ: "ಇದ ಕಡೀ ಅವಕಾಶ ನೋಡವಾ. ಯಾವ ಪದ್ಧತಿ, ಯಾಕ ಅನ್ನೂದನ್ನ ನಿಮ್ಮ ಮನಿ ಮಾಲಕರಿಗೂ ತಿಳಿಯೂ ಹಂಗ ಹೇಳಾಕ ಕಲಿ."

ಹೀಗೆ, ಇಡೀ ನಾಡಿನಲ್ಲಿ ಅತ್ಯಂತ ಕಡಿಮೆ ತಿಳಿಯುವವನೆಂಬ ಸ್ಥಾನಕ್ಕೆ ನಾನು ಅವಿರೋಧವಾಗಿ ಆಯ್ಕೆಯಾದೆ.

ಮರುದಿನ ಬೆಳಿಗ್ಗೆ ಲ್ಯಾಪ್‌ಟಾಪನ್ನು ಕಟ್ಟೆಯ ಮೇಲಿಟ್ಟುಕೊಂಡು ಹುಡುಗಿ ವಿವರಿಸತೊಡಗಿದಳು. ನನ್ನ ಹೆಂಡತಿ ಅವರೆಕಾಯಿ ಸುಲಿಯುತ್ತಿದ್ದಳು.

"ನಾ ಹಚ್ಚಿದ್ದು ಸಾದಾ ಪದ್ಧತಿ ಐತಲ್ರಿ, ಅದಕ್ಕ ಯಾರು ಯಾರಂತ ಗುರ್ತ ಇರೂದಿಲ್ರಿ. ಒಬ್ಬಾಕಿ ಎಂಟು ಉತ್ತರ ಕೊಟ್ರ ಎಂಟು ಮಂದಿ ಬಂದು ಒಂದೊಂದು ಕೊಟ್ರು ಅಂತ ತಿಳೀತೈತ್ರಿ."

"ಅಂದ್ರ ಅಮ್ಮಿನಬಾವಿ ಮುದುಕಿ ಎಂಟು ಮಂದಿ ಆದಳು?" ಎಂದಳು ಹೆಂಡತಿ.

"ಹೌದ್ರಿ ಆಯಿ. ಮತ್ತ, ಎಲ್ಲಾರ ರುಚಿನೂ ಒಂದ ಅಂತ ತಿಳೀತೈತ್ರಿ."

ಹೆಂಡತಿ ಕೈಯಲ್ಲಿದ್ದ ಅವರೆಕಾಯಿಯನ್ನು ಬಿಟ್ಟಳು.

"ಎಂಟು ಮಂದಿ ಹೆಣ್ಣಮಕ್ಕಳು, ಎಲ್ಲಾರದೂ ಒಂದ ರುಚಿ! ಈ ಯಂತ್ರ ಯಾರ ಮನ್ಯಾಗೂ ಉಂಡಿಲ್ಲ ಬಿಡು."

೫. ಲಾಜ

ಹಾಗಾದರೆ ಬೇರೆ ಪದ್ಧತಿಗಳು ಯಾವುವೆಂದು ನಾನು ಗಂಭೀರವಾಗಿ ವಿಚಾರಿಸಿದೆ. ಹುಡುಗಿ ಪರದೆಯ ಮೇಲಿನ ಪಟ್ಟಿಯನ್ನು ಓದಿದಳು: ಸಾದಾ ಲಾಜಿಟ್ ಎಂದು ಒಂದು, ಮಿಶ್ರ ಲಾಜಿಟ್ ಎಂದು ಇನ್ನೊಂದು.

ನನ್ನ ಕಿವಿ ನಿಮಿರಿತು. ಲಾಜವೆಂದರೆ ಅರಳು, ಮದುವೆಯಲ್ಲಿ ಅಗ್ನಿಗೆ ಅರಳನ್ನು ಸುರಿಯುವುದಕ್ಕೆ ಲಾಜಾಹೋಮವೆಂಬ ಹೆಸರೇ ಇದೆ. ದೂರದೇಶದ ಗಣಿತಜ್ಞರು ನಮ್ಮ ಅರಳನ್ನು ಎಲ್ಲಿಂದ ಎತ್ತಿದರೆಂದು ವಿಸ್ತಾರವಾಗಿ ಹೇಳತೊಡಗಿದೆ.

"ಅಜ್ಜಾರ, ಅದು ಇಂಗ್ಲಿಷ್ ಶಬ್ದ್ರಿ," ಎಂದಳು ಹುಡುಗಿ, ಮೆಲ್ಲಗೆ.

"ಇರಲಿ ಬಿಡು, ಅವರು ಒಂದ ಹಿಡದ್ರ ಬಿಡೂದಿಲ್ಲ," ಎಂದಳು ಹೆಂಡತಿ. "ಅವರ ಲೆಕ್ಕದಾಗನ ನೋಡೂಣು. ಅರಳು ಅಂದ್ರ ಚುರಮರಿ ಅಕ್ಕನ ಮಗಳು. ಸಾದಾ ಅಂದ್ರ ಸಾದಾ ಚುರಮರಿ, ಬರೇ ಮಂಡಕ್ಕಿ. ಚುರಮರಿಗೆ ಉಳ್ಳಾಗಡ್ಡಿ, ಖಾರ ಕೂಡಿಸಿ ಮಿಶ್ರ ಮಾಡಿದ್ರ ಏನಂತಾರ? ಗಿರ್ಮಿಟ್. ಇಷ್ಟಕ್ಕ ಇಬ್ಬರೂ ಮುಂಜಾನಿಂದ ಒದ್ದಾಡಾಕತ್ತೀರಿ!"

ನಾನು ನಕ್ಕೆ. ಹುಡುಗಿ ನಗಲಿಲ್ಲ. ಲ್ಯಾಪ್‌ಟಾಪನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಆಯಿ, ಖರೇ ಹೇಳಿದ್ರಿ! ನಮ್ಮ ತಿರುವಿನ ಗಾಡಿ ಕಾಕಾ ಅದಾರಲ್ರಿ, ಅವ್ರು ಎಲ್ಲಾರಿಗೂ ಒಂದ ನಮೂನಿ ಗಿರ್ಮಿಟ್ ಕೊಡೂದಿಲ್ರಿ. ನನಗ ಖಾರ ಹೆಚ್ಚು, ಉಳ್ಳಾಗಡ್ಡಿ ಕಡಿಮಿ. ನಮ್ಮ ಸರ್‌ಗೆ ಖಾರನ ಇಲ್ಲ. ಮಂದಿ ಬ್ಯಾರೆ, ರುಚಿ ಬ್ಯಾರೆ. ಆದ್ರ ನಾ ಎಂಟು ಸಲ ಹೋದ್ರ ಎಂಟೂ ಸಲ ನನ್ನ ರುಚಿ ನನ್ನ ಕೂಡನ ಬರ್ತೈತಿ. ಮಿಶ್ರ ಪದ್ಧತಿ ಮಾಡೂದೂ ಇದನ್ನ ನೋಡ್ರಿ!"

ಪ್ಯಾಕೇಜ್ ಎಂದು ಅವಳು ಕರೆಯುವ ಲೆಕ್ಕದ ತಂತ್ರಾಂಶವನ್ನು ತೆರೆದು ಆಗಲೇ ಆ ಪದ್ಧತಿಯನ್ನು ಹಚ್ಚಿದಳು. ಅದು ಸುಲಭದ್ದಲ್ಲ, ಮಧ್ಯಾಹ್ನವಿಡೀ ಯಂತ್ರ ಬಿಸಿಯುಸಿರು ಬಿಡುತ್ತಿತ್ತು.

"ಇನ್ನೂ ಆಗವಲ್ತೇನ?" ಎಂದು ಹೆಂಡತಿ ಎರಡು ಸಲ ಬಂದು ಕೇಳಿದಳು.

"ಒಬ್ಬೊಬ್ಬರ ರುಚಿನೂ ಬ್ಯಾರೆ ಬ್ಯಾರೆ ಹುಡುಕಬೇಕ್ರಿ ಆಯಿ. ಹೊತ್ತು ಹಿಡೀತೈತಿ."

ಆಕೆ ನನ್ನನ್ನೊಮ್ಮೆ, ಯಂತ್ರವನ್ನೊಮ್ಮೆ ನೋಡಿದಳು.

"ಇವರೊಬ್ಬರ ರುಚಿ ಹುಡುಕಾಕ ನನಗ ನಲವತ್ತು ವರ್ಷ ಹಿಡದೈತಿ. ಪಾಪ, ಅವಸರ ಮಾಡಬ್ಯಾಡ ಅದಕ್ಕ."

೬. ಪೊಟ್ಟಣ

ಸಮಿತಿಯ ದಿನ, ಚೀಟಿಗಳ ಅನುವಾದಕನೆಂಬ ನೆಪದಲ್ಲಿ ನಾನೂ ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಜೊತೆಗೆ ಹೆಂಡತಿ, ಆಕೆಗೆ ನೆಪವೂ ಬೇಕಾಗಿರಲಿಲ್ಲ. ಮುಂದೆ ಮಾರ್ಗದರ್ಶಕರು, ಅವರ ಪಕ್ಕದಲ್ಲಿ ದಕ್ಷಿಣದ ಊರೊಂದರಿಂದ ಬಂದ ಪರಿಣತರು. ಧಾರವಾಡಕ್ಕೆ ಅವರು ಬಂದದ್ದು ಅದೇ ಮೊದಲು.

ಪರಿಣತರು ಕನ್ನಡಕವನ್ನು ಸರಿಪಡಿಸಿಕೊಂಡು, "ಸರಿ, ಕೊನೆಗೆ ಯಾವ ಪದ್ಧತಿ ಆರಿಸಿಕೊಂಡೆಯಮ್ಮ?" ಎಂದು ಕೇಳಿದರು.

ಹುಡುಗಿ ನೀರಿನ ಲೋಟದ ಕಡೆಗೆ ನೋಡಿದಳು. ಹದಿನೈದು ದಿನ ಉರುಹೊಡೆದ ವಾಕ್ಯ ಮರೆತುಹೋದದ್ದು ಹಿಂದಿನ ಸಾಲಿಗೂ ಕಾಣುತ್ತಿತ್ತು. ಕೊನೆಗೆ ಧೈರ್ಯವನ್ನೆಲ್ಲ ಒಟ್ಟುಗೂಡಿಸಿ, ಗಟ್ಟಿಯಾಗಿ ಹೇಳಿದಳು:

"ಗಿರ್ಮಿಟ್ ಸರ್."

ಮಾರ್ಗದರ್ಶಕರು ಕಣ್ಣು ಮುಚ್ಚಿಕೊಂಡರು. ಪರಿಣತರು ಮಾತ್ರ ತಮಗೆ ತಿಳಿಯದ ಹೊಸ ಪದ್ಧತಿಯೆಂದು ಭಾವಿಸಿ, ತಿಳಿಯದೆಂದು ತೋರಗೊಡದೆ, ಟಿಪ್ಪಣಿಯ ಪುಸ್ತಕದಲ್ಲಿ ಬರೆದುಕೊಂಡರು.

"ಗಿರ್ಮಿಟ್... ಹೌದು, ಹೌದು. ಅದು ಈಗ ಯಾವ ಪ್ಯಾಕೇಜಿನಲ್ಲಿ ಸಿಗುತ್ತಮ್ಮ?"

ಭಯದಲ್ಲಿ ಮನುಷ್ಯ ಸತ್ಯವನ್ನೇ ನುಡಿಯುತ್ತಾನೆ.

"ಪೇಪರ್ ಪೊಟ್ಟಣದಾಗ್ರಿ ಸರ್."

ಸಭೆ ನಕ್ಕು ಬಿರಿಯಿತು. ನನ್ನ ಹೆಂಡತಿಯ ಕೈಚೀಲ ನೆಲಕ್ಕೆ ಬಿತ್ತು. ಮಾರ್ಗದರ್ಶಕರು ಮುಖವನ್ನು ಕರವಸ್ತ್ರದಲ್ಲಿ ಅಡಗಿಸಿದರು. ಏನಾಯಿತೆಂದು ಹುಡುಗಿಗೆ ಹೊಳೆದದ್ದು ಆಮೇಲೆ. ಹೊಳೆದೊಡನೆ ಅವಳೂ ನಕ್ಕಳು. ನಕ್ಕೊಡನೆ ಕಟ್ಟಿದ ನಾಲಗೆ ಬಿಚ್ಚಿತು. ಮುದುಕಿಯ ನ್ಯಾಯವನ್ನೂ ಆ ಒಬ್ಬಾಕೆಯೇ ಎಂಟು ಮುದುಕಿಯರಾದ ಬಗೆಯನ್ನೂ ಗಾಡಿಯ ಕಾಕಾನ ಕೈಗುಣವನ್ನೂ ಹೇಳಿ, ಅಲ್ಲಿಂದ ಮಿಶ್ರ ಲಾಜಿಟ್ಟಿನ ಸಮೀಕರಣಕ್ಕೆ ಏರಿ, ಫಲಿತಾಂಶಗಳ ಕೋಷ್ಟಕಕ್ಕೆ ಇಳಿದು, ಮನೆಯಲ್ಲಿ ಮಾತನಾಡುವಂತೆಯೇ ಅರ್ಧ ತಾಸು ಮಾತನಾಡಿದಳು. ಪರಿಣತರು ಒಂದೂ ಅಡ್ಡಪ್ರಶ್ನೆ ಹಾಕಲಿಲ್ಲ. ಸಮಿತಿ ಒಪ್ಪಿತು.

"ಆದರೂ ಆಧಾರವನ್ನು ನಾನು ಕಣ್ಣಾರೆ ನೋಡಬೇಕಲ್ಲ," ಎಂದರು ಪರಿಣತರು. ಆದುದರಿಂದ ಸಂಜೆ ಎಲ್ಲರೂ ತಿರುವಿನ ಗಾಡಿಯ ಮುಂದೆ ನಿಂತೆವು. ಕಾಕಾ ಯಾರನ್ನೂ ಕೇಳದೆ ಮಾರ್ಗದರ್ಶಕರಿಗೆ ಖಾರವಿಲ್ಲದ್ದನ್ನೂ ಹುಡುಗಿಗೆ ಉಳ್ಳಾಗಡ್ಡಿ ಕಡಿಮೆಯದನ್ನೂ ಕಟ್ಟಿಕೊಟ್ಟ. ಹೊಸಬರಾದ ಪರಿಣತರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ನಿಮ್ಮದು ಇನ್ನೂ ಗೊತ್ತಿಲ್ರಿ ಸಾಹೇಬ್ರ, ಇನ್ನೊಂದೇಳು ಸಲ ಬರ್ರಿ," ಎಂದ. ಪರಿಣತರು ಪುಸ್ತಕ ತೆಗೆದು ಅದನ್ನೂ ಬರೆದುಕೊಂಡರು.

ಕೊನೆಗೆ ನನ್ನ ಸರದಿ. "ಅಜ್ಜಾರ, ನಿಮಗ ಗಿರ್ಮಿಟ್ ಕೊಡ್ಲೋ, ಮಿರ್ಚಿ ಕೊಡ್ಲೋ?"

ಮಿರ್ಚಿ ಭಜಿ ಆಗ ತಾನೇ ಎಣ್ಣೆಯಿಂದ ಎದ್ದಿತ್ತು. ಆದರೆ ಎರಡನ್ನೂ ಮುಟ್ಟಕೂಡದೆಂದು ವೈದ್ಯರ ಕಟ್ಟಪ್ಪಣೆಯಿತ್ತು. ಅದಕ್ಕಿಂತ ಸಮೀಪದಲ್ಲಿ ಹೆಂಡತಿಯ ದೃಷ್ಟಿಯಿತ್ತು. ಒಲ್ಲೆನೆಂದು ಒರಟಾಗಿ ಹೇಳಿ ಅವನ ಮನಸ್ಸನ್ನು ನೋಯಿಸಲಾರದೆ, ಮರ್ಯಾದೆಯಿಂದ ನುಡಿದೆ:

"ಉಭಯವೂ ಅಗ್ರಾಹ್ಯ, ಕಾಕಾ."

ಕಾಕಾ ಬುಟ್ಟಿಯ ಮೇಲಿನ ಅರಿವೆ ಸರಿಸಿ, ಒಳಗೆ ಬಗ್ಗಿ ನೋಡಿ, ಬಹಳ ನೊಂದುಕೊಂಡು ಹೇಳಿದ:

"ಅದು ಈಗರ ತೀರಿತಲ್ರಿ ಅಜ್ಜಾರ. ನಾಳಿ ಲಗೂ ಬರ್ರಿ, ತಗದ ಇಟ್ಟಿರ್ತೇನಿ."